ಐವತ್ತು ಸೆಂಟ್ ಒಳಗಿನ ಲಸಿಕೆ: ಮೆನ್‌ಆಫ್ರಿವ್ಯಾಕ್ ಪ್ರಕರಣ

ಬೆಂಗಳೂರಿನಿಂದ ಹಜ್‌ಗೆ ಹೊರಡುವವರು ವಿಮಾನ ಹತ್ತುವ ಮೊದಲು ಮೆನಿಂಜೈಟಿಸ್ (ಮಿದುಳಿನ ಹೊರಪೊರೆಯ ಉರಿಯೂತ) ಲಸಿಕೆ ಹಾಕಿಸಿಕೊಳ್ಳಲೇಬೇಕು. ಅದು ಸೌದಿ ಸರ್ಕಾರದ ಕಡ್ಡಾಯ ನಿಯಮ. ನಮ್ಮಲ್ಲಿ ಈ ರೋಗ ಆಗೊಮ್ಮೆ ಈಗೊಮ್ಮೆ ತಲೆ ಎತ್ತಿ ಅಡಗುತ್ತದೆ. 2005ರಲ್ಲಿ ದೆಹಲಿಯಲ್ಲಿ ಹಾಗೆ ಎತ್ತಿತ್ತು. ಆಫ್ರಿಕಾದಲ್ಲಿ ಮಾತ್ರ ಅದಕ್ಕೆ ಕಾಯಂ ನೆಲೆ ಇದೆ. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾವರೆಗೆ, ಸಹಾರಾದ ದಕ್ಷಿಣದ ಅಂಚಿಗೆ ಉದ್ದಕ್ಕೂ ಚಾಚಿಕೊಂಡಿರುವ 26 ದೇಶಗಳ ಪಟ್ಟಿಯದು. ವೈದ್ಯರು ಅದನ್ನು ಮೆನಿಂಜೈಟಿಸ್ ಬೆಲ್ಟ್ ಎನ್ನುತ್ತಾರೆ. ಡಿಸೆಂಬರ್ ಬಂತೆಂದರೆ ಅಲ್ಲಿ ಹರ್ಮಟಾನ್ ಎಂಬ ಒಣ ಧೂಳುಗಾಳಿ ಬೀಸತೊಡಗುತ್ತದೆ, ಮೂಗು ಗಂಟಲು ಒಣಗಿ ಒಳಪೊರೆ ಬಿರಿಯುತ್ತದೆ, ಗಂಟಲಲ್ಲಿ ಸುಮ್ಮನೆ ಕೂತಿದ್ದ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ರೋಗವೂ ಇಳಿಯುತ್ತದೆ. 1996–97ರಲ್ಲಿ ಅದು ಇಳಿಯುವ ಮೊದಲು ಸುಮಾರು ಎರಡೂವರೆ ಲಕ್ಷ ಜನರಿಗೆ ತಗುಲಿತ್ತು, 25,000 ಜನ ಸತ್ತಿದ್ದರು. ಬದುಕಿದವರಲ್ಲಿ ಎಷ್ಟೋ ಮಕ್ಕಳಿಗೆ ಕಿವಿ ಹೋಯಿತು. ಇಂಥ ಹಾವಳಿಯನ್ನು ತಡೆಯಲೆಂದೇ ಅಗ್ಗದಲ್ಲಿ ಮಾಡಿದ ಲಸಿಕೆ ಮೆನ್‌ಆಫ್ರಿವ್ಯಾಕ್.

ಬೆಲ್ಟಿನ ಬಹುಪಾಲು ದೊಡ್ಡ ಹಾವಳಿಗಳಿಗೆ ಆಗ ಕಾರಣವಾಗಿದ್ದದ್ದು ಮೆನಿಂಜೊಕಾಕಸ್ ಬ್ಯಾಕ್ಟೀರಿಯಾದ ‘ಎ’ ಗುಂಪು. ಅದಕ್ಕೆ ಲಸಿಕೆ ಇತ್ತು, 1970ರ ದಶಕದಿಂದಲೂ ಇತ್ತು. ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆ ಸರಪಳಿಯನ್ನು, ಅಂದರೆ ಪಾಲಿಸ್ಯಾಕರೈಡನ್ನು, ಶುದ್ಧ ಮಾಡಿ ಹಾಗೇ ಚುಚ್ಚುವ ಲಸಿಕೆ ಅದು. ಎರಡು ವರ್ಷದೊಳಗಿನ ಮಕ್ಕಳ ಮೈ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ದೊಡ್ಡವರಲ್ಲೂ ಅದರ ಬಲ ಕೆಲವೇ ವರ್ಷಗಳಲ್ಲಿ ಕುಂದುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಗಂಟಲಲ್ಲಿ ಮನೆಮಾಡಿದ ಬ್ಯಾಕ್ಟೀರಿಯಾವನ್ನು ಅದು ಓಡಿಸುವುದಿಲ್ಲ, ಹಾಗಾಗಿ ಒಬ್ಬರಿಂದ ಒಬ್ಬರಿಗೆ ಹರಡುವುದು ನಿಲ್ಲುವುದಿಲ್ಲ. ಮುಂಚಿತವಾಗಿ ಕೊಟ್ಟು ಪ್ರಯೋಜನವಿಲ್ಲದ್ದರಿಂದ ಹಾವಳಿ ಶುರುವಾದ ಮೇಲೆ ಕೊಡುವುದೇ ಪದ್ಧತಿಯಾಗಿತ್ತು. ವಾರವಾರದ ರೋಗಿಗಳ ಎಣಿಕೆ ಮಿತಿ ದಾಟಬೇಕು, ಮಾದರಿ ಲ್ಯಾಬಿಗೆ ಹೋಗಿ ಗುಂಪು ಖಚಿತವಾಗಬೇಕು, ಬೇಡಿಕೆ ಹೋಗಬೇಕು, ವಿಮಾನದಲ್ಲಿ ಲಸಿಕೆ ಬರಬೇಕು. ಅಷ್ಟರಲ್ಲಿ ಹಾವಳಿ ತುದಿ ಮುಟ್ಟಿ ಇಳಿಯುತ್ತಿರುತ್ತಿತ್ತು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಪರಿಹಾರ ಏನೆಂಬುದೂ ಗೊತ್ತಿತ್ತು. ಸಕ್ಕರೆ ಸರಪಳಿಯನ್ನು ಒಂದು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದರೆ ದೇಹದ ರೋಗನಿರೋಧಕ ಪಡೆಯ ಟಿ-ಕೋಶಗಳು ಎಚ್ಚರಗೊಳ್ಳುತ್ತವೆ, ನೆನಪು ಉಳಿಯುತ್ತದೆ, ಹಸುಗೂಸಿಗೂ ರಕ್ಷಣೆ ಸಿಗುತ್ತದೆ, ಗಂಟಲಿನ ವಾಸವೂ ಕಡಿಮೆಯಾಗುತ್ತದೆ. ಇದಕ್ಕೆ ಕಾಂಜುಗೇಟ್ ಲಸಿಕೆ ಎನ್ನುತ್ತಾರೆ. ‘ಸಿ’ ಗುಂಪಿನ ವಿರುದ್ಧ ಬ್ರಿಟನ್ 1999ರಲ್ಲೇ ಅದನ್ನು ಬಳಕೆಗೆ ತಂದಿತ್ತು. ‘ಎ’ ಗುಂಪಿನದನ್ನು ಯಾರೂ ಆಫ್ರಿಕಾದ ಬಳಕೆಗೆ ತಂದಿರಲಿಲ್ಲ, ಏಕೆಂದರೆ ‘ಎ’ ಗುಂಪಿನಿಂದ ಸಾಯುವವರ ಕೈಯಲ್ಲಿ ದುಡ್ಡಿರಲಿಲ್ಲ.

ಬೆಲೆ ಮೊದಲು, ಕಾರ್ಖಾನೆ ಆಮೇಲೆ

2001ರಲ್ಲಿ ಗೇಟ್ಸ್ ಫೌಂಡೇಶನ್ 7 ಕೋಟಿ ಡಾಲರ್ ಅನುದಾನ ಕೊಟ್ಟಿತು. ಹಣ ಹೋದದ್ದು ಅಮೆರಿಕದ ಸಿಯಾಟಲ್‌ನಲ್ಲಿರುವ ಲಾಭರಹಿತ ಸಂಸ್ಥೆ ಪಾತ್‌ಗೆ. ಜೊತೆಗಾರ ವಿಶ್ವ ಆರೋಗ್ಯ ಸಂಸ್ಥೆ. ಇಬ್ಬರೂ ಸೇರಿ ಕಟ್ಟಿದ್ದು ಮೆನಿಂಜೈಟಿಸ್ ವ್ಯಾಕ್ಸಿನ್ ಪ್ರಾಜೆಕ್ಟ್. ಕಚೇರಿ ಜಿನೀವಾ ಮಗ್ಗುಲಿನ ಫ್ರೆಂಚ್ ಊರು ಫೆರ್ನಿ-ವೋಲ್ತೇರ್‌ನಲ್ಲಿ, ನಿರ್ದೇಶಕರು ಮಾರ್ಕ್ ಲಾಫೋರ್ಸ್.

ಈ ಜೋಡಿಯ ಕೆಲಸ ಹಂಚಿಕೆಯನ್ನು ಗಮನಿಸಬೇಕು. ಸರ್ಕಾರಗಳ ಸಂಸ್ಥೆಯಾದ ವಿಶ್ವ ಆರೋಗ್ಯ ಸಂಸ್ಥೆ ಒಂದು ಖಾಸಗಿ ಕಾರ್ಖಾನೆಯ ಜೊತೆ ವ್ಯಾಪಾರದ ಕರಾರು ಮಾಡಿಕೊಂಡು ಅದೇ ಕಾರ್ಖಾನೆಯ ಲಸಿಕೆಗೆ ಗುಣಮಟ್ಟದ ಮುದ್ರೆ ಒತ್ತಿದರೆ ಯಾರೂ ನಂಬುವುದಿಲ್ಲ. ಪಾತ್‌ಗೆ ಕರಾರು ಮಾಡುವ, ತಂತ್ರಜ್ಞಾನದ ಪರವಾನಗಿ ಪಡೆಯುವ ಕೈ ಸಡಿಲವಿತ್ತು, ಆದರೆ ನೈಜರ್ ದೇಶದ ಆರೋಗ್ಯ ಮಂತ್ರಿಯ ಬಾಗಿಲು ಅದಕ್ಕೆ ಅಷ್ಟು ಸುಲಭವಾಗಿ ತೆರೆಯುವುದಿಲ್ಲ. ಹೀಗೆ ವ್ಯವಹಾರ ಪಾತ್‌ನದು, ದೇಶಗಳ ಜೊತೆಗಿನ ಮಾತುಕತೆ, ರೋಗ ನಿಗಾ, ಕೊನೆಯ ಗುಣಮಟ್ಟ ಪರಿಶೀಲನೆ ಇನ್ನೊಬ್ಬರದು. ಜಂಟಿ ಯೋಜನೆಗಳಲ್ಲಿ ಎಲ್ಲರೂ ಎಲ್ಲದಕ್ಕೂ ಸಹಿ ಹಾಕಬೇಕೆಂಬ ಹಟ ಹಿಡಿದು ವರ್ಷಗಟ್ಟಲೆ ಕಾಲ ಕಳೆಯುವುದುಂಟು. ಇಲ್ಲಿ ಅದು ತಪ್ಪಿತು.

ಯೋಜನೆಯವರು ಮಾಡಿದ ಮೊದಲ ಕೆಲಸ ಆಫ್ರಿಕಾದ ಆರೋಗ್ಯ ಅಧಿಕಾರಿಗಳನ್ನು ಕೇಳಿದ್ದು: ಎಷ್ಟಾದರೆ ಕೊಳ್ಳುತ್ತೀರಿ? ಉತ್ತರ ಖಡಾಖಂಡಿತವಾಗಿತ್ತು. ಒಂದು ಡೋಸ್‌ಗೆ 50 ಸೆಂಟ್ ದಾಟಕೂಡದು. ದಾಟಿದರೆ ಆ ಲಸಿಕೆ ಇದ್ದರೂ ಇಲ್ಲದ ಹಾಗೆ.

ದೊಡ್ಡ ಬಹುರಾಷ್ಟ್ರೀಯ ಕಂಪನಿಗಳ ಬಳಿ ಈ ಸಂಖ್ಯೆ ಹಿಡಿದುಕೊಂಡು ಹೋದಾಗ ಮಾತು ಮುಂದೆ ಹೋಗಲಿಲ್ಲ. ಒಂದು ಕಂಪನಿಯ ಜೊತೆ ತಿಂಗಳುಗಟ್ಟಲೆ ನಡೆದ ಚರ್ಚೆ 2002ರ ಆರಂಭದಲ್ಲಿ ಮುರಿದುಬಿತ್ತು. ಕಂಪನಿಗಳನ್ನು ಬೈಯುವುದು ಸುಲಭ, ಆದರೆ ಅವರ ಲೆಕ್ಕ ಬೇರೆ. ಬ್ಯಾಕ್ಟೀರಿಯಾ ಬೆಳೆಸುವ ಹುದುಗು ತೊಟ್ಟಿಗಳು ಇರುವುದು ಇಷ್ಟೇ. ಹತ್ತಾರು ಡಾಲರಿಗೆ ಮಾರುವ ಲಸಿಕೆ ಬೇಯುವ ತೊಟ್ಟಿಯಲ್ಲಿ ಅರ್ಧ ಡಾಲರಿನದನ್ನು ಬೇಯಿಸಿದರೆ ಕಳೆದುಕೊಂಡ ಸಂಪಾದನೆಯನ್ನು ಯಾರು ತುಂಬಿಕೊಡುತ್ತಾರೆ? ಉತ್ಪಾದನೆಯ ಖರ್ಚಿಗಿಂತ ಈ ಕಳೆದುಕೊಳ್ಳುವಿಕೆಯೇ ಅವರಿಗೆ ಭಾರ. ಅನುದಾನದಿಂದ ಕಾರ್ಖಾನೆ ಕಟ್ಟಿಸಿಕೊಡಬಹುದು, ಈ ಭಾರವನ್ನು ಇಳಿಸಲಾಗದು.

ಆಗ ಯೋಜನೆ ಪಟ್ಟು ಬದಲಿಸಿತು. ಎಲ್ಲವನ್ನೂ ಒಂದೇ ಕಂಪನಿಯಿಂದ ಎತ್ತಿಸುವ ಬದಲು ಕೆಲಸವನ್ನು ತುಂಡು ಮಾಡಿ, ಯಾವ ತುಂಡು ಯಾರ ಕೈಯಲ್ಲಿ ಈಗಾಗಲೇ ಇದೆಯೋ ಅವರಿಂದ ತರಿಸುವುದೆಂದಾಯಿತು. ‘ಎ’ ಗುಂಪಿನ ಪಾಲಿಸ್ಯಾಕರೈಡ್ ಆಮ್ಸ್ಟರ್‌ಡ್ಯಾಮ್‌ನ ಸಿಂಕೋ ಬಯೋ ಪಾರ್ಟ್‌ನರ್ಸ್‌ನಿಂದ. ಬೆಸೆಯುವ ವಿಧಾನ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಬೆಥೆಸ್ಡಾ ಪ್ರಯೋಗಾಲಯದಿಂದ. ಅಲ್ಲಿನ ಚೆ-ಹುಂಗ್ ರಾಬರ್ಟ್ ಲೀ ಮತ್ತು ಕಾರ್ಲ್ ಫ್ರಾಶ್ ಅದನ್ನು ರೂಪಿಸಿದ್ದರು. ಬೆಸೆಯಲು ಬೇಕಾದ ಪ್ರೋಟೀನು, ಅಂದರೆ ಧನುರ್ವಾಯು ಲಸಿಕೆಯ ಟೆಟನಸ್ ಟಾಕ್ಸಾಯ್ಡ್, ಮತ್ತು ಕಾರ್ಖಾನೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಿಂದ. ಸೀರಮ್‌ಗೆ ಟಾಕ್ಸಾಯ್ಡ್ ಮಾಡುವುದು ನಿತ್ಯದ ಕೆಲಸ, ಅಗ್ಗದ ಲಸಿಕೆಯನ್ನು ರಾಶಿ ರಾಶಿಯಾಗಿ ಮಾಡಿ ಬದುಕುವುದೇ ಅದರ ವ್ಯಾಪಾರ. 40 ಸೆಂಟ್‌ಗೆ ಒಪ್ಪಿತು.

ಇಲ್ಲಿ ದುಡ್ಡು ಯಾವ ಕಡೆಯಿಂದ ಬಂತೆನ್ನುವುದನ್ನು ಬಿಡಿಸಿ ನೋಡಬೇಕು. ಸಂಶೋಧನೆಗೆ ಹಣ ಸುರಿಯುವ ದಾರಿ ಎರಡು. ಹಿಂದಿನಿಂದ ನೂಕುವ ಹಣ ಅಭಿವೃದ್ಧಿ, ಪರೀಕ್ಷೆ, ತಂತ್ರಜ್ಞಾನ ವರ್ಗಾವಣೆಯ ಖರ್ಚನ್ನು ಮೊದಲೇ ಭರಿಸುತ್ತದೆ. ಮುಂದಿನಿಂದ ಎಳೆಯುವ ಹಣ ಲಸಿಕೆ ಸಿದ್ಧವಾದರೆ ಇಂಥ ಬೆಲೆಗೆ ಇಷ್ಟು ಕೊಳ್ಳುತ್ತೇವೆಂದು ಮುಚ್ಚಳಿಕೆ ಬರೆದುಕೊಡುತ್ತದೆ. ನ್ಯುಮೊಕಾಕಸ್ ಲಸಿಕೆಗೆ 2009ರಲ್ಲಿ ದಾತರು 150 ಕೋಟಿ ಡಾಲರ್ ಎತ್ತಿಟ್ಟದ್ದು ಎರಡನೇ ದಾರಿ. ಮೆನ್‌ಆಫ್ರಿವ್ಯಾಕ್ ಮೊದಲನೆಯದು. ಅಭಿವೃದ್ಧಿಯ ಖರ್ಚು ಅನುದಾನದಲ್ಲೇ ತೀರಿದ್ದರಿಂದ ಅದನ್ನು ಡೋಸ್ ಬೆಲೆಯಲ್ಲಿ ವಸೂಲು ಮಾಡುವ ಅಗತ್ಯ ಬೀಳಲಿಲ್ಲ. ಬೆಸೆಯುವ ವಿಧಾನ ಸರ್ಕಾರಿ ಪ್ರಯೋಗಾಲಯದ್ದಾದ್ದರಿಂದ ರಾಯಧನದ ಹೊರೆಯೂ ಹಗುರ. ನೂಕುವ ಹಣದ ಅಪಾಯ ಇಷ್ಟೇ: ಲಸಿಕೆ ಜನರ ಮೇಲಿನ ಪರೀಕ್ಷೆಯ ಮೂರನೇ ಹಂತದಲ್ಲಿ ಬಿದ್ದುಹೋದರೆ ದಾತರ ಹಣ ಪೂರ್ತಿ ಮುಳುಗುತ್ತದೆ. ಅದನ್ನು ಹೊರಲು ಸಿದ್ಧವಿರುವ ದಾತರು ಕಡಿಮೆ.

ಒಂದು ಕಿಲೋ ಸಕ್ಕರೆ

40 ಸೆಂಟ್ ಎನ್ನುವುದು ಮಾತುಕತೆಯ ಮೇಜಿನ ಮೇಲೆ ಮಾತ್ರ ಗೆದ್ದದ್ದಲ್ಲ. ಅದರ ಅರ್ಧ ಭಾಗ ಗಾಜಿನ ಪಾತ್ರೆಯಲ್ಲಿ ಗೆದ್ದದ್ದು.

ಒಂದು ಡೋಸ್‌ನಲ್ಲಿ 10 ಮೈಕ್ರೋಗ್ರಾಂ ಪಾಲಿಸ್ಯಾಕರೈಡ್ ಇರುತ್ತದೆ. ಹತ್ತು ಕೋಟಿ ಡೋಸ್‌ಗೆ ಲೆಕ್ಕ ಹಾಕಿದರೆ ಒಟ್ಟು ಒಂದೇ ಒಂದು ಕಿಲೋ! ಆದರೆ ಅಷ್ಟು ಸಕ್ಕರೆ ಕೊನೆಯ ಸೀಸೆ ಸೇರುವ ಮೊದಲು ದಾರಿಯಲ್ಲಿ ಎಷ್ಟು ಸೋರಿಹೋಗುತ್ತದೆ ಎನ್ನುವುದರ ಮೇಲೆ ಬೆಲೆ ನಿಂತಿದೆ. ಬೆಸುಗೆಯಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಅಂಟಿಕೊಂಡರೆ ಒಂದು ಕಿಲೋಗೆ ಐದು ಕಿಲೋ ಬೇಯಿಸಬೇಕು. ಅಷ್ಟೇ ಅಲ್ಲ, ಅಂಟದೆ ಉಳಿದ ನಾಲ್ಕನ್ನು ಶೋಧಿಸಿ ತೆಗೆಯಬೇಕು. ಆ ಶೋಧನೆ ದುಬಾರಿ.

ಹಳೆಯ ವಿಧಾನದಲ್ಲಿ ಸಕ್ಕರೆ ಸರಪಳಿಯನ್ನು ಪೀರಿಯೊಡೇಟ್ ಎಂಬ ರಾಸಾಯನಿಕದಿಂದ ಅಲ್ಲಲ್ಲಿ ಕತ್ತರಿಸಿ ಆಲ್ಡಿಹೈಡ್ ಎಂಬ ಅಂಟುವ ತುದಿಗಳನ್ನು ಮಾಡುತ್ತಾರೆ, ಆ ತುದಿ ಪ್ರೋಟೀನಿನಲ್ಲಿರುವ ಲೈಸೀನ್ ಎಂಬ ಘಟಕದ ಅಮೈನ್ ತುದಿಗೆ ತಾನಾಗಿ ಕಚ್ಚಿಕೊಳ್ಳಲೆಂದು ಕಾಯುತ್ತಾರೆ. ಲೈಸೀನ್‌ನ ಅಮೈನ್ ತಟಸ್ಥ ದ್ರಾವಣದಲ್ಲಿ ಪ್ರೋಟಾನ್ ಹೊದ್ದು ಕೂತಿರುವುದರಿಂದ ಮಂದ. ಹುಳಿ ಕಡಿಮೆ ಮಾಡಿ ಕ್ಷಾರ ಹೆಚ್ಚಿಸಿದರೆ ಅದು ಚುರುಕಾಗುತ್ತದೆ, ಆದರೆ ಇತ್ತ ಸಕ್ಕರೆ ಹಾಳಾಗುತ್ತದೆ. ಎಫ್‌ಡಿಎ ವಿಧಾನ ಪ್ರೋಟೀನನ್ನೇ ಮೊದಲು ತಯಾರು ಮಾಡುತ್ತದೆ: ಟಾಕ್ಸಾಯ್ಡ್‌ಗೆ ಹೈಡ್ರಜೀನ್ ಹಚ್ಚಿ ಮೈಮೇಲೆಲ್ಲ ಹೈಡ್ರಜೈಡ್ ಕೊಂಡಿಗಳನ್ನು ಕೂರಿಸುತ್ತದೆ. ಹೈಡ್ರಜೈಡ್ ತಟಸ್ಥ ದ್ರಾವಣದಲ್ಲೇ ಚುರುಕು. ಆಲ್ಡಿಹೈಡ್ ಸಿಕ್ಕಿದ ತಕ್ಷಣ ಕಚ್ಚುತ್ತದೆ, ಕೊನೆಗೆ ಬೋರೋಹೈಡ್ರೈಡ್ ಹಾಕಿ ಕೊಂಡಿಯನ್ನು ಭದ್ರ ಮಾಡಿ ಉಳಿದ ತುದಿಗಳನ್ನು ಮುಚ್ಚುತ್ತಾರೆ. ಅಂಟಿಕೊಳ್ಳುವ ಪಾಲು ಹಲವು ಪಟ್ಟು ಹೆಚ್ಚಿತು.

ಪುಣೆಯ ವಿಜ್ಞಾನಿಗಳು ಬೆಥೆಸ್ಡಾಕ್ಕೆ ಹೋಗಿ ಇದನ್ನು ಕೈಯಾರೆ ಮಾಡಿ ಕಲಿತರು. ಕಾಗದದ ಮೇಲಿನ ವಿಧಾನ ನೋಡಿ ಕಾರ್ಖಾನೆಯಲ್ಲಿ ಮಾಡಲಾಗದು. ಗ್ರಾಂ ಲೆಕ್ಕದಲ್ಲಿ ಸರಿಬಂದದ್ದು ದೊಡ್ಡ ತೊಟ್ಟಿಯಲ್ಲಿ ಬೇರೆಯೇ ನಡೆಯುತ್ತದೆ. ಕಲಕುವ ವೇಗ, ಸುರಿಯುವ ಕ್ರಮ, ಎಲ್ಲಿ ಪ್ರೋಟೀನು ಮೊಸರಿನಂತೆ ಒಡೆಯುತ್ತದೆ ಎನ್ನುವುದು ಕಣ್ಣಿಗೆ ಬಿದ್ದರೇ ತಿಳಿಯುವುದು. ತಂತ್ರಜ್ಞಾನ ವರ್ಗಾವಣೆಯ ಬಜೆಟ್ಟಿನಲ್ಲಿ ಪ್ರಯಾಣ, ವಾಸ, ಹಾಳಾಗುವ ಪ್ರಯೋಗ ಬ್ಯಾಚ್‌ಗಳಿಗೆ ಹಣ ಇಡದವರು ಆಮೇಲೆ ಪರದಾಡುತ್ತಾರೆ.

‘ಎ’ ಗುಂಪಿನ ಸಕ್ಕರೆಗೆ ಇನ್ನೊಂದು ಗುಣವಿದೆ. ಅದರ ಸರಪಳಿಯ ಕೊಂಡಿಗಳು ಫಾಸ್ಫೇಟಿನವು. ನೀರಿನಲ್ಲಿ ಇಟ್ಟರೆ ನಿಧಾನಕ್ಕೆ ಕಡಿದುಹೋಗುತ್ತವೆ. ಆದ್ದರಿಂದ ಲಸಿಕೆಯನ್ನು ಒಣಗಿಸಿ ಪುಡಿಯಾಗಿ ಹತ್ತು ಡೋಸ್ ಸೀಸೆಯಲ್ಲಿ ತುಂಬಿದರು, ಬೆರೆಸುವ ದ್ರವ ಬೇರೆ ಕೊಟ್ಟರು. ಬೆರೆಸಿದ ಮೇಲೆ ಆರು ಗಂಟೆಯೊಳಗೆ ಮುಗಿಸಬೇಕು. ಹತ್ತು ಡೋಸ್ ಸೀಸೆ ಅಗ್ಗ, ಆದರೆ ಜನ ಸೇರದ ಹಳ್ಳಿಯಲ್ಲಿ ಮೂವರಿಗೆ ಹಾಕಿ ಏಳು ಚೆಲ್ಲಬೇಕಾಗುತ್ತದೆ. ಅಭಿಯಾನದಲ್ಲಿ ಸಾಲು ಉದ್ದವಿರುವುದರಿಂದ ಇದು ಬಾಧಿಸಲಿಲ್ಲ.

ಯಾರ ಮಕ್ಕಳ ಮೇಲೆ ಪರೀಕ್ಷೆ?

2005ರಲ್ಲಿ ಮೊದಲ ಹಂತದ ಪರೀಕ್ಷೆ ಭಾರತದಲ್ಲಿ 74 ಆರೋಗ್ಯವಂತ ವಯಸ್ಕ ಗಂಡಸರ ಮೇಲೆ ನಡೆಯಿತು. 2006ರಲ್ಲಿ ಮಾಲಿಯ ಬಮಾಕೊ ಮತ್ತು ಗ್ಯಾಂಬಿಯಾದ ಬಾಸೆಯಲ್ಲಿ ಒಂದರಿಂದ ಎರಡು ವರ್ಷದ 600 ಮಕ್ಕಳು, ಬಳಿಕ ಸೆನೆಗಲ್ ಕೂಡ ಸೇರಿ 2ರಿಂದ 29 ವರ್ಷದವರು.

ಆಫ್ರಿಕಾದಲ್ಲಿ ಮೆನಿಂಜೈಟಿಸ್ ಪರೀಕ್ಷೆ ಎಂಬ ಮಾತಿಗೆ ಆಗಲೇ ಒಂದು ಕಪ್ಪು ಚುಕ್ಕೆ ಅಂಟಿತ್ತು. 1996ರ ಹಾವಳಿಯ ನಡುವೆ ನೈಜೀರಿಯಾದ ಕಾನೊದಲ್ಲಿ ಅಮೆರಿಕದ ಔಷಧ ಕಂಪನಿಯೊಂದು ಸುಮಾರು 200 ಮಕ್ಕಳ ಮೇಲೆ ಪ್ರತಿಜೀವಕ ಔಷಧದ ಪರೀಕ್ಷೆ ನಡೆಸಿ, ಪೋಷಕರ ಒಪ್ಪಿಗೆಯ ಪ್ರಶ್ನೆಯಲ್ಲಿ ವರ್ಷಗಟ್ಟಲೆ ಕೋರ್ಟು ಅಲೆದು, ಕೊನೆಗೆ 2009ರಲ್ಲಿ ಕಾನೊ ರಾಜ್ಯದೊಂದಿಗೆ ರಾಜಿ ಮಾಡಿಕೊಂಡಿತು. ಆ ನೆನಪು ಇರುವ ನೆಲದಲ್ಲಿ ‘ಭಾರತದಲ್ಲಿ ಬಳಸದ ಭಾರತದ ಲಸಿಕೆ’ ಎಂದರೆ ಅನುಮಾನ ಹುಟ್ಟದೆ ಇರುತ್ತದೆಯೇ? ಅದಕ್ಕೆ ಪುಸ್ತಕದ ಉತ್ತರ ಸಾಲದು. ಹಾವಳಿಯ ಮಧ್ಯೆ ಅವಸರದಲ್ಲಿ ಮಾಡದೆ, ಬಮಾಕೊದ ಲಸಿಕೆ ಕೇಂದ್ರ, ಬಾಸೆಯಲ್ಲಿನ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ಷೇತ್ರ ಕೇಂದ್ರಗಳಂಥ ಹಳೆಯ, ಊರವರಿಗೆ ಪರಿಚಯವಿದ್ದ ಜಾಗಗಳಲ್ಲಿ, ಅಲ್ಲಿನ ವೈದ್ಯರ ಕೈಯಲ್ಲೇ ಪರೀಕ್ಷೆ ಮಾಡಿಸಲಾಯಿತು. ದೇಶಗಳ ಔಷಧ ನಿಯಂತ್ರಕರೂ ನೈತಿಕ ಸಮಿತಿಯವರೂ ಒಟ್ಟಿಗೆ ಕೂತು ಅರ್ಜಿ ಪರಿಶೀಲಿಸಿದರು; 2006ರಲ್ಲಿ ಶುರುವಾದ ಆಫ್ರಿಕಾ ಲಸಿಕೆ ನಿಯಂತ್ರಕರ ವೇದಿಕೆಗೆ ಇದು ಮೊದಮೊದಲ ಕೆಲಸಗಳಲ್ಲಿ ಒಂದು. ಒಂದೊಂದು ದೇಶದ ಕಚೇರಿಗೆ ಬೇರೆ ಬೇರೆಯಾಗಿ ಕಡತ ಕಳಿಸಿ ಕಾಯುವುದಕ್ಕಿಂತ ಇದು ಬೇಗ ಆಗುತ್ತದೆ, ಜೊತೆಗೆ ಅನುಭವ ಕಡಿಮೆ ಇರುವ ನಿಯಂತ್ರಕರು ಪಕ್ಕದವರನ್ನು ನೋಡಿ ಪ್ರಶ್ನೆ ಕೇಳುವುದನ್ನು ಕಲಿಯುತ್ತಾರೆ.

ಫಲಿತಾಂಶ ಚೆನ್ನಾಗಿ ಬಂತು. ಪುಟ್ಟ ಮಕ್ಕಳಲ್ಲಿ ಪ್ರತಿಕಾಯದ ಮಟ್ಟ ನಾಲ್ಕು ಪಟ್ಟು ಅಥವಾ ಹೆಚ್ಚು ಏರಿದವರು ಹೊಸ ಲಸಿಕೆಯಲ್ಲಿ ಶೇ 96, ಹಳೆಯ ಪಾಲಿಸ್ಯಾಕರೈಡ್ ಲಸಿಕೆಯಲ್ಲಿ ಶೇ 64. 2009ರ ಕೊನೆಗೆ ಭಾರತದ ಔಷಧ ಮಹಾನಿಯಂತ್ರಕರು ರಫ್ತಿಗೆ ಅನುಮತಿ ಕೊಟ್ಟರು, 2010ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಅಂದರೆ ಗುಣಮಟ್ಟದ ಮುದ್ರೆ, ಸಿಕ್ಕಿತು. ಈ ಪೂರ್ವಾರ್ಹತೆಯಿಲ್ಲದೆ ಯುನಿಸೆಫ್ ಕೊಳ್ಳುವುದಿಲ್ಲ, ಲಸಿಕೆ ಒಕ್ಕೂಟ ಗಾವಿ ಹಣ ಬಿಡುವುದಿಲ್ಲ. ತಯಾರಿಸುವ ದೇಶದ ನಿಯಂತ್ರಕ ಸಂಸ್ಥೆ ತಾನೇ ತೇರ್ಗಡೆಯಾಗಿರಬೇಕೆಂಬುದೂ ಅದರ ಷರತ್ತು. ಅಂದರೆ ಪುಣೆಯ ಕಾರ್ಖಾನೆ ಎಷ್ಟೇ ಚೊಕ್ಕಟವಾಗಿದ್ದರೂ ದೆಹಲಿಯ ಕಚೇರಿ ಸರಿಯಿಲ್ಲದಿದ್ದರೆ ಲಸಿಕೆ ಹೊರಡುವುದಿಲ್ಲ.

ಧೂಳು ಏಳುವ ಮೊದಲು

2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೊ ರಾಜಧಾನಿ ಊಗಾಡೂಗುವಿನಲ್ಲಿ ಅಭಿಯಾನ ಶುರುವಾಯಿತು. ಹತ್ತು ದಿನದಲ್ಲಿ ಇಡೀ ದೇಶದ 1ರಿಂದ 29 ವರ್ಷದ ಒಂದು ಕೋಟಿಗೂ ಹೆಚ್ಚು ಜನರಿಗೆ ಒಂದೊಂದು ಚುಚ್ಚು. ಬೆಲ್ಟಿನ ದೇಶಗಳಲ್ಲಿ ಈ ವಯಸ್ಸಿನವರೇ ಜನಸಂಖ್ಯೆಯ ಸುಮಾರು ಶೇ 70. ಬ್ಯಾಕ್ಟೀರಿಯಾವನ್ನು ಗಂಟಲಲ್ಲಿ ಹೊತ್ತು ತಿರುಗುವವರೂ ಬಹುಪಾಲು ಇವರೇ. ಮಕ್ಕಳಿಗಷ್ಟೇ ಕೊಟ್ಟಿದ್ದರೆ ಹರಡುವಿಕೆ ನಿಲ್ಲುತ್ತಿರಲಿಲ್ಲ.

ಈ ಕೆಲಸದಲ್ಲಿ ಪಂಚಾಂಗ ಬಲು ನಿಷ್ಠುರ. ಅಭಿಯಾನ ಡಿಸೆಂಬರ್ ದಾಟದೆ ಮುಗಿಯಬೇಕು. ಹಣ ಮಂಜೂರಾಗಿ ಬಟವಾಡೆ ತಡವಾಗಿ, ಜನವರಿಯಲ್ಲಿ ಲಸಿಕೆ ಬಂದಿಳಿದರೆ ಆ ವರ್ಷ ಹೋಯಿತೆಂದೇ ಅರ್ಥ. ದಾತರ ಹಣಕಾಸು ವರ್ಷ, ದೇಶದ ಬಜೆಟ್ ವರ್ಷ, ಕಾರ್ಖಾನೆಯ ಬ್ಯಾಚ್ ಸರದಿ, ಗಾಳಿಯ ಋತು, ಈ ನಾಲ್ಕೂ ಒಂದಕ್ಕೊಂದು ಹೊಂದುವುದಿಲ್ಲ. ಹೊಂದಿಸಲು ಕೆಲಸದ ವೇಳಾಪಟ್ಟಿಯನ್ನು ಋತುವಿನಿಂದ ಹಿಂದಕ್ಕೆ ಎಣಿಸುತ್ತ ಬರೆಯಬೇಕು.

ಲಸಿಕೆಗಿಂತ ಅದನ್ನು ತಣ್ಣಗೆ ಒಯ್ಯುವುದೇ ದೊಡ್ಡ ಹೊರೆ. ಕರೆಂಟಿಲ್ಲದ ಊರುಗಳಲ್ಲಿ ಐಸ್ ಪ್ಯಾಕ್ ಗಟ್ಟಿ ಮಾಡಲು ಫ್ರೀಜರ್ ಬೇಕು, ಅದಕ್ಕೆ ಜನರೇಟರ್, ಅದಕ್ಕೆ ಡೀಸೆಲ್. ಐಸ್ ಕರಗುವುದರಿಂದ ತಂಡ ಪ್ರತಿ ಸಂಜೆ ವಾಪಸು ಬರಬೇಕು. ಒಣ ಪುಡಿಯಾಗಿದ್ದ ಈ ಲಸಿಕೆ ಬಿಸಿ ತಾಳುತ್ತದೆಂದು ಅಂಕಿಅಂಶ ತೋರಿಸಿ 2012ರಲ್ಲಿ 40 ಡಿಗ್ರಿ ಸೆಲ್ಸಿಯಸ್‌ವರೆಗೆ ನಾಲ್ಕು ದಿನ ಇಡಲು ಅನುಮತಿ ಪಡೆಯಲಾಯಿತು. ಆ ನವೆಂಬರ್‌ನಲ್ಲಿ ಬೆನಿನ್ ದೇಶದ ಬನಿಕೋರಾದಲ್ಲಿ 1,55,000 ಜನರಿಗೆ ಹೀಗೆ ಹಾಕಲಾಯಿತು. ಕ್ಯಾರಿಯರ್ ಡಬ್ಬಿಯಲ್ಲಿ ಐಸ್ ಇಲ್ಲ. ಅದರ ಬದಲು ಒಂದು ಚಿಕ್ಕ ಕಾರ್ಡು, 40 ಡಿಗ್ರಿ ದಾಟಿದರೆ ಬಣ್ಣ ತಿರುಗುವಂಥದ್ದು. ಸೀಸೆಯ ಮೇಲೆ ಮಾಮೂಲು ಬಿಸಿ ಸೂಚಕ. ದಿನ ಎಣಿಸಲು ಸೀಸೆಗೆ ಗುರುತು. ಎಸೆಯಬೇಕಾಗಿ ಬಂದ ಸೀಸೆಗಳು ಬೆರಳೆಣಿಕೆ. ಚಾಡ್‌ನ ಲೆಕ್ಕದ ಪ್ರಕಾರ ತಣ್ಣಗಿಡುವ ಮತ್ತು ಸಾಗಿಸುವ ಖರ್ಚು ತಲೆಗೆ 24 ಸೆಂಟಿನಿಂದ 12ಕ್ಕೆ ಇಳಿಯಬಲ್ಲದು. 40 ಸೆಂಟಿನ ಲಸಿಕೆಗೆ 12 ಸೆಂಟ್ ಸಣ್ಣ ಉಳಿತಾಯವಲ್ಲ.

ಚಾಡ್‌ನಲ್ಲೇ ಪರಿಣಾಮವೂ ಸ್ಪಷ್ಟವಾಗಿ ಕಂಡಿತು. 2011ರ ಡಿಸೆಂಬರ್‌ನಲ್ಲಿ ರಾಜಧಾನಿ ಎನ್ಜಮೆನಾ ಸುತ್ತಮುತ್ತ 18 ಲಕ್ಷ ಜನರಿಗೆ ಲಸಿಕೆ ಆಯಿತು, ಉಳಿದ ದೇಶಕ್ಕೆ ಆಗಿರಲಿಲ್ಲ. ಮುಂದಿನ ಋತುವಿನಲ್ಲಿ ಮೆನಿಂಜೈಟಿಸ್ ರೋಗಿಗಳ ಸಂಖ್ಯೆ ಲಸಿಕೆಯಾದ ಕಡೆ ಲಕ್ಷಕ್ಕೆ 2.5, ಆಗದ ಕಡೆ 43.8; ಅಂದರೆ ಶೇ 94 ಕಡಿಮೆ. ಗಂಟಲಲ್ಲಿ ‘ಎ’ ಗುಂಪು ಹೊತ್ತವರು ಮೊದಲು 4,278 ಜನರಲ್ಲಿ 32, ಲಸಿಕೆಯ ನಂತರ 5,001ರಲ್ಲಿ ಒಬ್ಬರು. ಈ ಗಂಟಲು ಒರೆಸುವ ಅಧ್ಯಯನಕ್ಕೆ ವೆಲ್‌ಕಮ್ ಟ್ರಸ್ಟ್ ಮತ್ತು ಗೇಟ್ಸ್ ಫೌಂಡೇಶನ್ ಬೇರೆಯಾಗಿ ಹಣ ಕೊಟ್ಟಿದ್ದವು. ಅಳೆಯುವ ಹಣ ಲಸಿಕೆಯ ಹಣದೊಳಗೇ ಸೇರಿದ್ದರೆ ಕೊನೆಗೆ ಕತ್ತರಿ ಬೀಳುತ್ತಿದ್ದದ್ದು ಅದಕ್ಕೇ.

ಅನುದಾನ ಮುಗಿದ ಮೇಲೆ

30 ಕೋಟಿಗೂ ಹೆಚ್ಚು ಜನರಿಗೆ ಲಸಿಕೆಯಾಯಿತು, ‘ಎ’ ಗುಂಪು ಬೆಲ್ಟಿನಿಂದ ಹೆಚ್ಚುಕಡಿಮೆ ಮಾಯವಾಯಿತು. ತೊಡಕು ಬಂದದ್ದು ಎರಡು ಕಡೆಯಿಂದ.

ಅಭಿಯಾನದ ನಂತರ ಹುಟ್ಟುವ ಕೂಸುಗಳಿಗೆ ರಕ್ಷಣೆ ಇಲ್ಲ. ಅವು ಸೇರಿಕೊಂಡು ದೊಡ್ಡ ಗುಂಪಾದರೆ ರೋಗ ಮರಳುತ್ತದೆ. ಅದಕ್ಕೆಂದೇ 5 ಮೈಕ್ರೋಗ್ರಾಂನ ಮಕ್ಕಳ ಡೋಸ್ ಸಿದ್ಧವಾಯಿತು, ಒಂಬತ್ತು ತಿಂಗಳಿಗೆ ದಡಾರದ ಚುಚ್ಚಿನ ಜೊತೆ ಹಾಕಬಹುದಾದದ್ದು. ಆದರೂ ಅದನ್ನು ವಾಡಿಕೆಯ ಲಸಿಕೆ ಪಟ್ಟಿಗೆ ಸೇರಿಸಿದ ಮೊದಲ ದೇಶ ಸುಡಾನ್, ಅದೂ 2016ರಲ್ಲಿ. ಅಭಿಯಾನ ಒಂದೇ ಸಲದ ಖರ್ಚು, ದಾತರ ಫೋಟೊಗೂ ಒದಗುತ್ತದೆ. ವಾಡಿಕೆ ಲಸಿಕೆಗೆ ದೇಶ ಪ್ರತಿ ವರ್ಷ ತನ್ನ ಪಾಲು ಹಾಕುತ್ತಲೇ ಇರಬೇಕು. ಒಪ್ಪಂದ ಬರೆಯುವಾಗಲೇ ಈ ಎರಡನೇ ಖರ್ಚಿನ ವರ್ಷವನ್ನು ನಮೂದಿಸಬೇಕಿತ್ತೆಂದು ನಮ್ಮ ಅಭಿಪ್ರಾಯ.

ಎರಡನೆಯದು, ‘ಎ’ ಹೋದ ಜಾಗದಲ್ಲಿ ಬೇರೆ ಗುಂಪುಗಳು ಮುಂದೆ ಬಂದವು. 2015ರಲ್ಲಿ ನೈಜರ್‌ನಲ್ಲಿ ‘ಸಿ’, 2017ರಲ್ಲಿ ನೈಜೀರಿಯಾದಲ್ಲಿ ಮತ್ತೆ ‘ಸಿ’: 14,000ಕ್ಕೂ ಹೆಚ್ಚು ಶಂಕಿತ ರೋಗಿಗಳು, 1,100ಕ್ಕೂ ಹೆಚ್ಚು ಸಾವು. ಹಳೆಯ ಪದ್ಧತಿಯೇ ಮರಳಿತು, ಹಾವಳಿ ಬಂದ ಮೇಲೆ ಲಸಿಕೆಗೆ ಹುಡುಕಾಟ. ಒಂದೇ ಗುಂಪಿನ ಲಸಿಕೆ ಮಾಡಿದ್ದು ತಪ್ಪೆಂದು ಈಗ ಹೇಳುವವರಿದ್ದಾರೆ. 2001ರಲ್ಲಿ ಐದು ಗುಂಪಿನದಕ್ಕೆ ಕೈ ಹಾಕಿದ್ದರೆ 50 ಸೆಂಟಿಗೆ ಅದು ಹುಟ್ಟುತ್ತಲೇ ಇರಲಿಲ್ಲ. ಆದರೆ ಎರಡನೇ ಲಸಿಕೆಯ ಹಣವನ್ನು ಮೊದಲನೆಯದು ಗೆದ್ದ ದಿನವೇ ಕೇಳಬಹುದಿತ್ತು.

ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದೂ ಗುಂಪಿಗೆ ಆಗುವ ಲಸಿಕೆಯನ್ನು ಅದೇ ಪಾತ್, ಅದೇ ಸೀರಮ್ ಬ್ರಿಟಿಷ್ ಸರ್ಕಾರದ ಹಣದಲ್ಲಿ ಮಾಡಿದವು. ಪೂರ್ವಾರ್ಹತೆ ಸಿಕ್ಕಿದ್ದು 2023ರ ಜುಲೈನಲ್ಲಿ, ಮೊದಲು ಬಳಸಿದ್ದು ನೈಜೀರಿಯಾ, 2024ರಲ್ಲಿ. ಅದರಲ್ಲಿ ಎ ಮತ್ತು ಎಕ್ಸ್ ಟೆಟನಸ್ ಟಾಕ್ಸಾಯ್ಡ್‌ಗೆ ಬೆಸೆದವು, ಉಳಿದ ಮೂರು ಇನ್ನೊಂದು ಪ್ರೋಟೀನಿಗೆ. ಅಂದರೆ ಒಂದೇ ಸೀಸೆಗೆ ಐದು ಸಲ ಬೆಸುಗೆ, ಐದು ಸಲ ಶೋಧನೆ, ಐದು ಸಲ ಪರೀಕ್ಷೆ. ಬೆಲೆ ಡೋಸ್‌ಗೆ 3 ಡಾಲರ್. ಹತ್ತು ಲಕ್ಷ ಜನರಿಗೆ 2010ರಲ್ಲಿ 4 ಲಕ್ಷ ಡಾಲರಿನ ಲಸಿಕೆ ಸಾಕಿತ್ತು, ಈಗ 30 ಲಕ್ಷ ಬೇಕು. ಆ ನಡುವಿನ 26 ಲಕ್ಷವನ್ನು ಗಾವಿ ಎಷ್ಟು ಕಾಲ, ಯಾವ ದೇಶಕ್ಕೆ ತುಂಬಿಕೊಡುತ್ತದೆ ಎನ್ನುವುದರ ಮೇಲೆ ಬೆಲ್ಟಿನ ಆರೋಗ್ಯ ಮಂತ್ರಾಲಯಗಳು ತಮ್ಮ ಬಜೆಟ್ ಬರೆಯುತ್ತಿವೆ.